ಇನ್ಸುಲಿನ್ ಸೂಜಿಯನ್ನು ಬಚ್ಚಲ ಒಲೆಗೆ ಹಾಕಬೇಡಿ

ಹೋದ ಬೇಸಿಗೆಯಲ್ಲಿ ನಮ್ಮ ತೋಟದಲ್ಲಿ ಗೋಟು, ಅಂದರೆ ಉದುರಿದ ಅಡಿಕೆ, ಹೆಕ್ಕುತ್ತಿದ್ದ ಹೆಂಗಸೊಬ್ಬರ ಅಂಗಾಲಿಗೆ ಸೂಜಿ ಚುಚ್ಚಿತು. ಅದು ನಮ್ಮಮ್ಮನ ಇನ್ಸುಲಿನ್ ಸೂಜಿ. ಸುಟ್ಟರೆ ಹೋಗುತ್ತದೆ ಅಂತ ಅಮ್ಮ ದಿನಾ ಅದನ್ನು ಬಚ್ಚಲ ಒಲೆಗೆ ಹಾಕುತ್ತಿದ್ದರು. ಪ್ಲಾಸ್ಟಿಕ್ ಸುಟ್ಟಿತು, ಉಕ್ಕು ಬೂದಿಯಲ್ಲೇ ಉಳಿಯಿತು, ಬೂದಿ ಅಡಿಕೆ ಮರದ ಬುಡಕ್ಕೆ ಹೋಯಿತು. ಆವತ್ತೇ ಅವರನ್ನು ಕರೆದುಕೊಂಡು ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿದೆವು. ಆದರೂ ಆ ನೋವು ನನಗೆ ಇನ್ನೂ ಇದೆ.

ಬಳಸಿದ ಸೂಜಿ ಹಾಕಿಡಲು ಮೊದಲು ಬೇಕಾದದ್ದು ಬಾಟಲಿ. ಬಟ್ಟೆ ಒಗೆಯುವ ಲಿಕ್ವಿಡ್ ಬರುತ್ತದಲ್ವಾ, ಆ ದಪ್ಪ ಪ್ಲಾಸ್ಟಿಕ್ ಬಾಟಲಿಯೇ ಸಾಕು. ಬಾಯಿ ಅಗಲ ಇರಬೇಕು, ತಿರುಗಿಸಿ ಹಾಕುವ ಮುಚ್ಚಳ ಇರಬೇಕು. ನೀರಿನ ಬಾಟಲಿ ಬೇಡ, ಒತ್ತಿದರೆ ಸೂಜಿ ಹೊರಗೆ ಬರುತ್ತದೆ. ಗಾಜಿನದ್ದು ಬಿದ್ದರೆ ಒಡೆಯುತ್ತದೆ. ಸೂಜಿ ಕತ್ತರಿಸುವ ಅಗ್ಗದ ಪ್ಲಾಸ್ಟಿಕ್ ಯಂತ್ರ ತಂದಿದ್ದೆ. ನಾಲ್ಕೇ ದಿನಕ್ಕೆ ಅದರ ಅಲಗು ಸಿಕ್ಕಿಹಾಕಿಕೊಂಡಿತು, ಬಿಡಿಸಲು ಹೋದರೆ ಕೈಗೇ ಚುಚ್ಚುವ ಹಾಗಿತ್ತು. ಅದಕ್ಕೆ ದುಡ್ಡು ಹಾಕಬೇಡಿ.

ಇನ್ನು ಇನ್ಸುಲಿನ್ ಪೆನ್ನಿನಿಂದ, ಅಂದರೆ ಪೆನ್ನಿನ ಹಾಗಿರುವ ಇಂಜೆಕ್ಷನ್ ಸಾಧನದಿಂದ, ಸೂಜಿ ಬಿಚ್ಚುವುದು. ಜಾಸ್ತಿ ಜನ ಎಡವುವುದು ಇಲ್ಲೇ. ಸೂಜಿಗೆ ಎರಡು ಮುಚ್ಚಳ ಇರುತ್ತವೆ, ಒಳಗೊಂದು ಪುಟ್ಟದು, ಹೊರಗೊಂದು ದೊಡ್ಡದು. ಪುಟ್ಟದನ್ನು ತೆಗೆದ ಮೇಲೆ ಮತ್ತೆ ಹಾಕಲು ಹೋಗಲೇಬೇಡಿ. ಎಡಗೈಯಲ್ಲಿ ಅದನ್ನು ಹಿಡಿದು ಬಲಗೈಯಿಂದ ಸೂಜಿ ತೂರಿಸುವಾಗಲೇ ಹೆಬ್ಬೆರಳಿಗೆ ಚುಚ್ಚುವುದು. ಅತ್ತೆಗೆ ಸೊಸೆ ಇಂಜೆಕ್ಷನ್ ಕೊಡುವ ಮನೆಯಲ್ಲಂತೂ ಇನ್ನೂ ಹುಷಾರಾಗಿರಬೇಕು, ಯಾಕೆಂದರೆ ಅಲ್ಲಿ ಒಬ್ಬರ ರಕ್ತ ತಾಗಿದ ಸೂಜಿ ಇನ್ನೊಬ್ಬರ ಬೆರಳಿಗೆ ಹೋಗುತ್ತದೆ. ದೊಡ್ಡ ಮುಚ್ಚಳವನ್ನು ಮೇಜಿನ ಮೇಲೆ ಬಾಯಿ ಮೇಲೆ ಮಾಡಿ ಇಡಿ. ಅದನ್ನು ಕೈಯಲ್ಲಿ ಹಿಡಿಯದೆ, ಪೆನ್ನನ್ನು ನೇರ ಮೇಲಿನಿಂದ ಇಳಿಸಿ, ಒತ್ತಿ. ಸೂಜಿ ಪೂರ್ತಿ ಒಳಗೆ ಕೂತ ಮೇಲೆ ಮಾತ್ರ ಮುಚ್ಚಳ ಹಿಡಿದು ತಿರುಗಿಸಿ, ಬಿಚ್ಚಿ, ಮುಚ್ಚಳ ಸಮೇತ ಬಾಟಲಿಗೆ ಹಾಕಿ. ಆಮೇಲೆ ಮಾಡೋಣ ಅಂತ ಪೆನ್ನಿನಲ್ಲೇ ಬಿಡಬೇಡಿ, ಇನ್ಸುಲಿನ್ ಸೋರುತ್ತದೆ, ಒಳಗೆ ಗಾಳಿಯೂ ಸೇರುತ್ತದೆ.

ಸಿರಿಂಜ್ ಬಳಸುವವರು ಮುಚ್ಚಳ ಹಾಕದೆ, ಬಗ್ಗಿಸದೆ, ಸೂಜಿ ಕೆಳಗೆ ಮಾಡಿ ಹಾಗೇ ಹಾಕಿಬಿಡಿ. ಶುಗರ್ ನೋಡಲು ಬೆರಳಿಗೆ ಚುಚ್ಚುವ ಲ್ಯಾನ್ಸೆಟ್ಟೂ ಅದೇ ಬಾಟಲಿಗೆ. ಮದುವೆ ಮನೆಗೆ ಹೋಗುವಾಗ ಗಟ್ಟಿ ಡಬ್ಬಿಯೊಂದು ಚೀಲದಲ್ಲಿರಲಿ. ಟಿಶ್ಯೂನಲ್ಲಿ ಸುತ್ತಿ ಎಲೆ ಎತ್ತುವವರ ಬುಟ್ಟಿಗೆ ಹಾಕುವುದನ್ನು ಕಣ್ಣಾರೆ ಕಂಡಿದ್ದೇನೆ.

ಬಾಟಲಿ ಮುಕ್ಕಾಲು ತುಂಬಿದರೆ ನಿಲ್ಲಿಸಿ. ಮುಚ್ಚಳ ಬಿಗಿ ಮಾಡಿ, ಟೇಪು ಸುತ್ತಿ, ‘ಸೂಜಿ, ತೆರೆಯಬೇಡಿ’ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. 2016ರ ಘನತ್ಯಾಜ್ಯ ನಿಯಮಗಳು ಬಳಸಿದ ಸೂಜಿಯನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಯಲ್ಲೇ ಇಟ್ಟಿದ್ದವು. ಹಸಿ ಕಸ, ಒಣ ಕಸದ ಜೊತೆ ಸೇರಿಸುವ ಹಾಗಿಲ್ಲ. ಶಿವಮೊಗ್ಗ ಪೇಟೆಯವರು ಕಸದ ಗಾಡಿಯವರ ಕೈಗೆ ಬೇರೆಯಾಗಿ ಕೊಟ್ಟು, ಒಳಗೆ ಏನಿದೆ ಅಂತ ಬಾಯಿಬಿಟ್ಟು ಹೇಳಿ. ಅವರು ಕೈಯಿಂದಲೇ ಕಸ ಬೇರೆ ಮಾಡುವವರು. ಗಾಡಿ ಬಾರದ ಹಳ್ಳಿಯವರು ಮುಂದಿನ ಸಲ ಇನ್ಸುಲಿನ್ ತರಲು ಹೋಗುವಾಗ ಆಸ್ಪತ್ರೆಯಲ್ಲೋ ಲ್ಯಾಬಿನಲ್ಲೋ ತಗೊಳ್ತೀರಾ ಅಂತ ಮೊದಲೇ ಕೇಳಿಕೊಂಡು ಒಯ್ಯಿರಿ. ಅವರ ಸೂಜಿಗಳ ಜೊತೆ ನಮ್ಮದೂ ಹೋಗುತ್ತದೆ. ಅಲ್ಲಿಯವರೆಗೆ ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲಿರಲಿ.

ಇನ್ನೊಬ್ಬರ ಸೂಜಿ ಚುಚ್ಚಿದರೆ ಹಿಂಡಬೇಡಿ, ಚೀಪಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು ಆವತ್ತೇ ಡಾಕ್ಟರ ಹತ್ತಿರ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ರಕ್ತದಿಂದ ಹರಡುವ ಲಿವರ್ ಕಾಯಿಲೆ ಹೆಪಟೈಟಿಸ್ ಬಿಗೆ ಲಸಿಕೆ ಹಾಕಿಸಿಕೊಂಡಿದ್ದೀರಾ ಇಲ್ಲವಾ ಅನ್ನುವುದನ್ನೂ ಅಲ್ಲೇ ಹೇಳಿ.