ಒಂಬತ್ತು ಡಿಗ್ರಿ ಎಲ್ಲಿಂದ ಬಂತು?

ಶಾಫ್ಟ್ ತನ್ನ ಉದ್ದಕ್ಕೆ ಒತ್ತುವ ಭಾರವನ್ನು ತುಸು ವಾಲಬಲ್ಲ ಪ್ಯಾಡ್‌ಗಳ ಮೇಲೆ, ತೆಳು ಎಣ್ಣೆ ಪದರದ ಮೂಲಕ ಹೊರುವುದು ಟಿಲ್ಟಿಂಗ್ ಪ್ಯಾಡ್ ಥ್ರಸ್ಟ್ ಬೇರಿಂಗ್. ಅದನ್ನು ಪರೀಕ್ಷೆಯ ರಿಗ್ ಮೇಲೆ ಮೊದಲ ಸಲ ಪೂರ್ತಿ ಲೋಡ್‌ನಲ್ಲಿ ಓಡಿಸಿದೆವು. ಪ್ಯಾಡಿನ ಬಿಸಿ 78 ಡಿಗ್ರಿ ಅಂತ ನಮ್ಮ ಲೆಕ್ಕದ ಮಾಡೆಲ್ ಹೇಳಿತ್ತು, ಪ್ಯಾಡಿನೊಳಗೆ ಕೂರಿಸಿದ ಬಿಸಿ ಅಳೆಯುವ ಸೆನ್ಸರ್, ಅಂದರೆ ಥರ್ಮೋಕಪಲ್, 87 ತೋರಿಸಿತು. ಇದು ಸಣ್ಣ ವ್ಯತ್ಯಾಸ ಅಲ್ಲ. ಪ್ಯಾಡಿನ ಮೇಲ್ಮೈಯಲ್ಲಿರುವ ಬ್ಯಾಬಿಟ್ ಮೆತ್ತಗಿನ ಲೋಹ, ಬಿಸಿ ಏರಿದಷ್ಟೂ ಇನ್ನೂ ಮೆತ್ತಗಾಗುತ್ತದೆ. ಈ ಅಂಕಿ ನೋಡಿಯೇ ಮುಂದೆ ಯಾರೋ ಯಂತ್ರಕ್ಕೆ ಲೋಡ್ ಮಿತಿ ಇಡುತ್ತಾರೆ ಅಲ್ವಾ?

ಮೊದಲು ಸೆನ್ಸರ್ ಮೇಲೆ ಅನುಮಾನ ಬಂತು. ಥರ್ಮೋಕಪಲ್‌ಗಳು 75/75 ಜಾಗದಲ್ಲೇ ಇದ್ದವು, ಅಂದರೆ ಶಾಫ್ಟ್ ತಿರುಗುವ ದಿಕ್ಕಿನಲ್ಲಿ ಪ್ಯಾಡಿನ ಶೇಕಡಾ 75, ಒಳ ಅಂಚಿನಿಂದ ಹೊರಕ್ಕೆ ಶೇಕಡಾ 75. ಆದರೆ ಒಂದನ್ನು ಬಿಚ್ಚಿ ನೋಡಿದರೆ ಅದರ ತುದಿ ರಂಧ್ರದ ತಳಕ್ಕೆ ತಾಗಿರಲೇ ಇಲ್ಲ, ನಡುವೆ ಸುತ್ತಲಿನ ಎಣ್ಣೆ ನುಗ್ಗಿ ಕಮ್ಮಿ ಬಿಸಿ ತೋರಿಸುತ್ತಿತ್ತು. ಸರಿಯಾಗಿ ಕೂರಿಸಿದ ಮೇಲೆ 89 ಬಂತು. ವ್ಯತ್ಯಾಸ ಇನ್ನೂ ಜಾಸ್ತಿಯಾಯಿತು!

ಆಮೇಲೆ ಎಣ್ಣೆ. ನಮ್ಮ ಎಣ್ಣೆಯ ದರ್ಜೆ ವಿಜಿ 32, ಅಂದರೆ 40 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ (ಹರಿಯಲು ಒಡ್ಡುವ ತಡೆ) 32 ಸೆಂಟಿಸ್ಟೋಕ್ಸ್, ಆದರೆ ಶೇಕಡಾ 10 ಹೆಚ್ಚು ಕಡಿಮೆ ಇರಬಹುದು. ಟ್ಯಾಂಕಿನಿಂದಲೇ ಸ್ಯಾಂಪಲ್ ತೆಗೆದು ಅಳೆದು ಮಾಡೆಲ್‌ಗೆ ಕೊಟ್ಟೆವು. ಒಂದು ಡಿಗ್ರಿ ಕೂಡ ಬದಲಾಗಲಿಲ್ಲ.

ನಿಜವಾದ ಕಾರಣ ಇದ್ದದ್ದು ಪ್ಯಾಡ್‌ಗಳ ನಡುವಿನ ಸಂದಿನಲ್ಲಿ. ಪ್ರತಿ ಪ್ಯಾಡಿಗೂ 45 ಡಿಗ್ರಿಯ ತಾಜಾ ಎಣ್ಣೆಯೇ ಸಿಗುತ್ತದೆ ಅಂತ ನಾವು ಸುಮ್ನೆ ಅಂದುಕೊಂಡಿದ್ದೆವು. ಹಾಗಾಗುವುದಿಲ್ಲ. ಹಿಂದಿನ ಪ್ಯಾಡಿನಿಂದ ಹೊರಬಂದ ಬಿಸಿ ಎಣ್ಣೆಯ ತೆಳು ಪದರ ಕಾಲರ್‌ಗೆ (ಪ್ಯಾಡ್‌ಗಳ ಎದುರು ಶಾಫ್ಟ್ ಜೊತೆ ತಿರುಗುವ ತಟ್ಟೆ) ಅಂಟಿಕೊಂಡೇ ಸಂದು ದಾಟಿ ಮುಂದಿನ ಪ್ಯಾಡಿನೊಳಗೆ ಹೋಗುತ್ತದೆ, ತಾಜಾ ಎಣ್ಣೆ ಅದರ ಜೊತೆ ಸ್ವಲ್ಪ ಬೆರೆಯುತ್ತದೆ ಅಷ್ಟೇ. ಎಣ್ಣೆ ಒಳಬರುವ ಅಂಚಿನ ಹತ್ತಿರ ಇನ್ನೊಂದು ಥರ್ಮೋಕಪಲ್ ಹಾಕಿದೆವು. ಅಲ್ಲಿ 61 ಡಿಗ್ರಿ! ಈ ಬೆರಕೆಯನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ವ್ಯತ್ಯಾಸ ಎರಡು ಡಿಗ್ರಿಗೆ ಇಳಿಯಿತು. ಆ ದಿನದ ಖುಷಿ ಇನ್ನೂ ನೆನಪಿದೆ.

ಎಣ್ಣೆ ಪದರದ ದಪ್ಪ ಮಾತ್ರ ಹೊಂದಲಿಲ್ಲ. ಅದು ಬರೀ ಇಪ್ಪತ್ತು ಮೂವತ್ತು ಮೈಕ್ರಾನ್, ಮುಟ್ಟದೆಯೇ ದೂರ ಅಳೆಯುವ ಪ್ರಾಕ್ಸಿಮಿಟಿ ಪ್ರೋಬ್ ಹಿಡಿದಿರುವ ಬ್ರಾಕೆಟ್ ಬಿಸಿಗೆ ಹಿಗ್ಗುವುದೇ ಅಷ್ಟಿರಬಹುದು. ತಣ್ಣಗಿದ್ದಾಗ ತೆಗೆದ ಸೊನ್ನೆ (ಕಾಲರ್ ಪ್ಯಾಡಿಗೆ ತಾಗಿದಾಗಿನ ಅಳತೆ) ಓಟದಲ್ಲಿ ಸೊನ್ನೆಯಾಗಿ ಉಳಿಯುವುದಿಲ್ಲ. ಅದಕ್ಕೆ ಈಗ ಓಟ ನಿಲ್ಲಿಸಿದ ಕೂಡಲೇ, ಇನ್ನೂ ಬಿಸಿ ಇರುವಾಗಲೇ, ಕಾಲರನ್ನು ಪ್ಯಾಡಿನ ಮೇಲೆ ಒತ್ತಿ ಹಿಡಿದು ಸೊನ್ನೆ ತೆಗೆಯುತ್ತೇವೆ.