ಎನ್‌ಎಫ್‌ಎಲ್ ವಾರದ ಪಂದ್ಯಗಳು: ಗೆಲ್ಲುವವರನ್ನು ನಾನು ಆರಿಸುವ ಬಗೆ

ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಫೇವರಿಟ್, ಅಂದರೆ ಗೆಲ್ಲುವ ನಿರೀಕ್ಷೆಯ ತಂಡ, ಅನ್ನಿಸಿಕೊಂಡವು ಮೂರರಲ್ಲಿ ಸುಮಾರು ಎರಡು ಪಂದ್ಯ ಗೆಲ್ಲುತ್ತವೆ. ಆಟದ ಗಂಧಗಾಳಿ ಇಲ್ಲದವರೂ ಪಾಯಿಂಟ್ ಸ್ಪ್ರೆಡ್ (ಬೆಟ್ಟಿಂಗ್‌ನವರು ಅಂದಾಜಿಸುವ ಗೆಲುವಿನ ಅಂತರ) ನೋಡಿ ಫೇವರಿಟ್‌ಗಳಿಗೇ ಗುರುತು ಹಾಕುತ್ತಾ ಹೋದರೆ, 16ರಲ್ಲಿ ಹತ್ತು ಹನ್ನೊಂದು ಸರಿ ಬರುತ್ತವೆ. ಹಾಗಾಗಿ ಯಾರು ಗೆಲ್ಲುತ್ತಾರೆ ಅನ್ನುವುದರ ಜೊತೆಗೆ, ಆ ಗೆಲುವು ಎಷ್ಟು ಖಾತ್ರಿ ಅನ್ನುವುದನ್ನು ಅಳೆಯುವುದರಲ್ಲೇ ನನ್ನ ವಾರದ ಹೆಚ್ಚಿನ ಸಮಯ ಹೋಗುತ್ತದೆ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಆಫೀಸಿನ ಗೆಳೆಯರ ಗುಂಪಿನಲ್ಲಿ ಗೆಲ್ಲುವವರನ್ನು ಊಹಿಸುವ ಈ ಆಟ ಆಡುತ್ತೇನೆ, ದುಡ್ಡು ಕಟ್ಟುವುದಿಲ್ಲ. ನಮ್ಮ ನಿಯಮದಂತೆ ಪ್ರತಿ ಪಂದ್ಯಕ್ಕೂ ಒಂದು ತಂಡ ಆರಿಸಿ, 1ರಿಂದ 16ರವರೆಗಿನ ಅಂಕಿಗಳನ್ನು ನಂಬಿಕೆಗೆ ತಕ್ಕಂತೆ ಹಂಚಬೇಕು. 16 ಕೊಟ್ಟ ಪಂದ್ಯ ಸರಿಯಾದರೆ 16 ಅಂಕ, ತಪ್ಪಿದರೆ ಸೊನ್ನೆ. ಕೆಲವು ತಂಡಗಳಿಗೆ ವಿರಾಮವಿರುವ ‘ಬೈ’ ವಾರಗಳಲ್ಲಿ ಪಂದ್ಯಗಳೂ ಅಂಕಿಗಳೂ ಕಡಿಮೆ.

ಸೋಮವಾರ ರಾತ್ರಿಯ ಪಂದ್ಯ ಮುಗಿದ ಮೇಲೆ, ಮಂಗಳವಾರ ಸ್ಪ್ರೆಡ್‌ಶೀಟ್ ತೆರೆಯುತ್ತೇನೆ. ಅದರಲ್ಲಿರುವುದು ಚೆಸ್ ಆಟಗಾರರಿಗಾಗಿ ಅರ್ಪಾಡ್ ಇಲೋ ರೂಪಿಸಿದ ರೇಟಿಂಗ್ ಪದ್ಧತಿ. ಸರಾಸರಿ ತಂಡಕ್ಕೆ 1500. ಗೆದ್ದ ತಂಡ ಸೋತ ತಂಡದಿಂದ ಅಂಕ ಕಿತ್ತುಕೊಳ್ಳುತ್ತದೆ. ಬಲಿಷ್ಠರನ್ನು ಸೋಲಿಸಿದರೆ ಜಾಸ್ತಿ, ದುರ್ಬಲರನ್ನು ಸೋಲಿಸಿದರೆ ಕಡಿಮೆ. ಎರಡು ತಂಡಗಳ ನಡುವೆ 100 ಅಂಕದ ಅಂತರವಿದ್ದರೆ ಮೇಲಿನದಕ್ಕೆ 64% ಅವಕಾಶ, 200 ಇದ್ದರೆ 76%. ಹೊಸ ಸೀಸನ್ ಶುರುವಾಗುವ ಮುನ್ನ ಪ್ರತಿ ತಂಡವನ್ನೂ ಸರಾಸರಿಯ ಕಡೆಗೆ ಮೂರನೇ ಒಂದು ಭಾಗ ಎಳೆಯುತ್ತೇನೆ, ಯಾಕೆಂದರೆ ಆಟಗಾರರೂ ಕೋಚ್‌ಗಳೂ ಬದಲಾಗಿರುತ್ತಾರೆ. ತವರು ಮೈದಾನಕ್ಕೂ ಸ್ವಲ್ಪ ಸೇರಿಸುತ್ತೇನೆ, ಆದರೆ ಹಿಂದಿನವರು ಕೊಡುತ್ತಿದ್ದಷ್ಟಲ್ಲ. ಮೊದಲೆಲ್ಲ ತವರಿಗೆ ಮೂರು ಪಾಯಿಂಟ್ (ರೇಟಿಂಗ್ ಅಂಕವಲ್ಲ, ಪಂದ್ಯದ ಸ್ಕೋರಿನ ಪಾಯಿಂಟ್) ಅನ್ನುವುದು ರೂಢಿಯಾಗಿತ್ತು. ಕೋವಿಡ್‌ನಿಂದ ಮೈದಾನಗಳು ಖಾಲಿ ಹೊಡೆಯುತ್ತಿದ್ದ 2020ರಲ್ಲಿ ತವರು ತಂಡಗಳು 127 ಗೆದ್ದು 128 ಸೋತವು, ಒಂದು ಟೈ. ಈಗ ನಾನು ಕೊಡುವುದು ಒಂದೂವರೆಯಿಂದ ಎರಡು ಪಾಯಿಂಟ್.

ಸೋಲು ಗೆಲುವಿನ ಪಟ್ಟಿಯನ್ನು ಮಾತ್ರ ನಂಬಬೇಡಿ ಎಂದು ಹೊಸಬರಿಗೆ ಒತ್ತಿ ಹೇಳುತ್ತೇನೆ. ಐಪಿಎಲ್‌ನಲ್ಲಿ ಗೆಲುವಿನ ಪಕ್ಕದಲ್ಲೇ ನೆಟ್ ರನ್ ರೇಟ್ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. 2022ರ ಮಿನೆಸೋಟ ವೈಕಿಂಗ್ಸ್ 13 ಗೆದ್ದು 4 ಸೋತರು. ನೋಡಿದರೆ ಭಾರೀ ತಂಡ. ಆದರೆ ಅವರು ಗಳಿಸಿದ್ದು 424 ಪಾಯಿಂಟ್, ಬಿಟ್ಟುಕೊಟ್ಟಿದ್ದು 427! ಎಂಟು ಅಥವಾ ಅದಕ್ಕಿಂತ ಕಡಿಮೆ ಪಾಯಿಂಟ್ ಅಂತರದಲ್ಲಿ ಮುಗಿದ 11 ಪಂದ್ಯಗಳನ್ನೂ ಗೆದ್ದಿದ್ದರು. ಸೋತಾಗ ಮಾತ್ರ ಡಲ್ಲಾಸ್ ಎದುರು 40-3ರಂತೆ ಹೀನಾಯವಾಗಿ ಸೋತಿದ್ದರು. ಬೇಸ್‌ಬಾಲ್‌ಗಾಗಿ ಬಿಲ್ ಜೇಮ್ಸ್ ರೂಪಿಸಿದ ಸೂತ್ರವೊಂದಿದೆ: ಗಳಿಸಿದ್ದು, ಕೊಟ್ಟಿದ್ದು ಎರಡನ್ನೂ ಒಂದು ಘಾತಕ್ಕೆ ಏರಿಸಿ ಅನುಪಾತ ನೋಡುವುದು. ಅಮೆರಿಕನ್ ಫುಟ್‌ಬಾಲ್‌ಗೆ ಆ ಘಾತ 2.37. ವೈಕಿಂಗ್ಸ್‌ಗೆ ಹಾಕಿದರೆ 17 ಪಂದ್ಯಗಳಲ್ಲಿ ಎಂಟೂವರೆಗಿಂತ ತುಸು ಕಡಿಮೆ ಗೆಲುವು ಬರುತ್ತದೆ. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ತವರಿನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಎದುರು 31-24ರಿಂದ ಹೊರಬಿದ್ದರು. ಕೂದಲೆಳೆಯ ಗೆಲುವುಗಳಲ್ಲಿ ಅದೃಷ್ಟದ ಪಾಲು ದೊಡ್ಡದು. ನೆಲಕ್ಕೆ ಬಿದ್ದ ಚೆಂಡು, ಅಂದರೆ ಫಂಬಲ್, ಯಾರ ಕೈಗೆ ಸಿಗುತ್ತದೆ ಅನ್ನುವುದೂ ಹೆಚ್ಚುಕಡಿಮೆ ಅಷ್ಟೇ. ಫಂಬಲ್‌ಗಳಿಂದ ಗೆದ್ದ ತಂಡವನ್ನು ಮುಂದಿನ ವಾರ ನಾನು ಒಂದು ಮೆಟ್ಟಿಲು ಕೆಳಗಿಟ್ಟೇ ನೋಡುತ್ತೇನೆ.

ಬುಧವಾರದಿಂದ ಶುಕ್ರವಾರದವರೆಗೆ ಗಾಯಾಳುಗಳ ಪಟ್ಟಿ. ಯಾರು ಅಭ್ಯಾಸ ಮಾಡಿದರು, ಯಾರು ಅರ್ಧಂಬರ್ಧ ಮಾಡಿದರು, ಯಾರು ಬರಲೇ ಇಲ್ಲ ಎಂದು ಪ್ರತಿ ತಂಡವೂ ದಿನದಿನ ತಿಳಿಸಬೇಕು. ಕೊನೆಗೆ ಕ್ವೆಶ್ಚನಬಲ್ (ಆಡುವುದು ಖಚಿತವಿಲ್ಲ), ಡೌಟ್‌ಫುಲ್ (ಆಡುವುದು ಅನುಮಾನ), ಔಟ್ (ಆಡುವುದಿಲ್ಲ) ಎಂಬ ಗುರುತುಗಳು ಬೀಳುತ್ತವೆ. ಬುಧವಾರದ ಗೈರುಹಾಜರಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಹಿರಿಯ ಆಟಗಾರರು ಅವತ್ತು ವಿಶ್ರಾಂತಿ ತೆಗೆದುಕೊಳ್ಳುವುದು ಸಾಮಾನ್ಯ. ಶುಕ್ರವಾರವೂ ಮೈದಾನಕ್ಕೆ ಇಳಿಯದಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ತರುತ್ತೇನೆ. ಪಾಸ್ ಎಸೆದು ದಾಳಿ ನಡೆಸುವ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಲ್ಲದಿದ್ದರೆ ತಂಡದಿಂದ ಐದಾರು ಪಾಯಿಂಟ್ ಕಳೆಯುತ್ತೇನೆ. ಬೇರೆ ಯಾವ ಜಾಗದ ಆಟಗಾರನಿಗೂ ಇದರ ಹತ್ತಿರ ಬರುವಷ್ಟು ಬೆಲೆ ನಾನು ಕೊಡುವುದಿಲ್ಲ. ಆದರೆ ಜನ ಮರೆಯುವುದು ಅವನನ್ನು ಕಾಯುವ ಆಫೆನ್ಸಿವ್ ಲೈನ್ ಅನ್ನು. ಅಲ್ಲಿ ಇಬ್ಬರು ಒಟ್ಟಿಗೆ ಔಟ್ ಆಗಿದ್ದರೆ ಆ ಪಂದ್ಯದ ಅಂಕಿ ಇಳಿಸಿಬಿಡುತ್ತೇನೆ.

ಎಷ್ಟು ಓದಿದರೂ ಆಟ ತನ್ನ ದಾರಿಯನ್ನೇ ಹಿಡಿಯುವುದುಂಟು. 2023ರ ಸೆಪ್ಟೆಂಬರ್ 11ರಂದು ಇಲ್ಲೇ ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂನಲ್ಲಿ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಜೆಟ್ಸ್ ಪರ ಮೊದಲ ಪಂದ್ಯದಲ್ಲಿ, ಚೆಂಡು ನಾಲ್ಕನೇ ಸಲ ಆಟಕ್ಕೆ ಬಂದಾಗಲೇ, ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡು ಹೊರನಡೆದರು. ಆದರೂ ಆ ರಾತ್ರಿ ಜೆಟ್ಸ್ ಓವರ್‌ಟೈಮ್‌ನಲ್ಲಿ ಬಫಲೋ ಬಿಲ್ಸ್ ತಂಡವನ್ನು 22-16ರಿಂದ ಮಣಿಸಿತು. ಯಾವ ಪಂದ್ಯಕ್ಕೂ 90%ಗಿಂತ ಹೆಚ್ಚು ಅವಕಾಶ ಬರೆಯಲು ನನಗೆ ಮನಸ್ಸು ಬರದಿರುವುದು ಇಂಥ ರಾತ್ರಿಗಳನ್ನು ನೋಡಿಯೇ.

ಶನಿವಾರ ಹವಾಮಾನ. ಮಳೆ, ಹಿಮಕ್ಕಿಂತ ಗಾಳಿಯೇ ಪಾಸಿಂಗ್ ಆಟವನ್ನು ಹೆಚ್ಚು ಕೆಡಿಸುತ್ತದೆ. 2021ರ ಡಿಸೆಂಬರ್ 6ರಂದು ಬಫಲೋದ ಬಿರುಗಾಳಿಯಲ್ಲಿ ಪೇಟ್ರಿಯಟ್ಸ್ ಇಡೀ ಪಂದ್ಯದಲ್ಲಿ ಮೂರೇ ಮೂರು ಪಾಸ್ ಎಸೆದು, ಓಡಿ ಓಡಿಯೇ 14-10ರಿಂದ ಗೆದ್ದರು. ಜೋರು ಗಾಳಿ ಇದ್ದಲ್ಲಿ ಪಾಸ್ ನೆಚ್ಚಿಕೊಂಡ ಫೇವರಿಟ್‌ನ ಅಂಕಿ ಕೆಳಕ್ಕೆ ಬರುತ್ತದೆ.

ಕೊನೆಗೆ ನನ್ನ ಶೇಕಡಾವಾರನ್ನು ಪಾಯಿಂಟ್ ಸ್ಪ್ರೆಡ್ ಪಕ್ಕದಲ್ಲಿಟ್ಟು ನೋಡುತ್ತೇನೆ. ಎರಡೂ ಬೇರೆಯಾದರೆ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಬರೆಯಲಾಗದಿದ್ದರೆ ಸ್ಪ್ರೆಡ್ ಹೇಳಿದ್ದೇ ಆಯಿತು. ಗುಂಪಿಗಿಂತ ಭಿನ್ನವಾಗಿ ದುರ್ಬಲ ತಂಡವನ್ನು ಆರಿಸುವ ಆಸೆಯಾದರೆ ಅದನ್ನು ಸಣ್ಣ ಅಂಕಿಯಲ್ಲಿ ತೀರಿಸಿಕೊಳ್ಳುತ್ತೇನೆ. 55% ಇರುವ ತಂಡವನ್ನು ಬಿಟ್ಟು 45% ಇರುವುದನ್ನು 2 ಅಂಕಕ್ಕೆ ಆರಿಸಿದರೆ ಸರಾಸರಿ ನಷ್ಟ 0.2 ಮಾತ್ರ, 16 ಅಂಕಕ್ಕೆ ಆರಿಸಿದರೆ 1.6. ಗುರುವಾರದ ಪಂದ್ಯವನ್ನು ಮಾತ್ರ ಮೊದಲೇ ಮುಗಿಸಬೇಕು. ಭಾನುವಾರ ಆಡಿ ಮೂರೇ ದಿನದ ಬಿಡುವಿನಲ್ಲಿ ಬರುವ ತಂಡಗಳು ಅವು, ಹಾಗಾಗಿ ದೊಡ್ಡ ಅಂಕಿ ಅಲ್ಲಿ ಇಡುವುದು ಅಪರೂಪ.

ಈ ಕ್ರಮ ಕೈಕೊಡುವುದು ಪ್ಲೇಆಫ್‌ಗೆ ಮುಂಚಿನ ಕೊನೆಯ ವಾರವಾದ 18ನೇ ವಾರದಲ್ಲಿ. ಪ್ಲೇಆಫ್ ಸ್ಥಾನ ಖಚಿತವಾದ ತಂಡಗಳು ತಮ್ಮ ಮುಖ್ಯ ಆಟಗಾರರನ್ನು ಕೂರಿಸುತ್ತವೆ. 2023ರ ಸೀಸನ್‌ನ ಆ ವಾರದಲ್ಲಿ ಲಮಾರ್ ಜಾಕ್ಸನ್ ಆಡದ ಬಾಲ್ಟಿಮೋರ್ ರೇವನ್ಸ್ ಮಳೆಯಲ್ಲಿ ಸ್ಟೀಲರ್ಸ್‌ಗೆ 17-10ರಿಂದ ಸೋತರು. ಪ್ಯಾಟ್ರಿಕ್ ಮಹೋಮ್ಸ್ ಆಡದ ಕಾನ್ಸಾಸ್ ಸಿಟಿ ಚೀಫ್ಸ್ ಮಾತ್ರ ಚಾರ್ಜರ್ಸ್ ಎದುರು 13-12ರಿಂದ ಗೆದ್ದರು. ಆ ವಾರ ಸ್ಪ್ರೆಡ್‌ಶೀಟ್ ಬದಿಗಿಟ್ಟು ಕೋಚ್‌ಗಳ ಪತ್ರಿಕಾಗೋಷ್ಠಿ ಕೇಳುತ್ತೇನೆ. ಇನ್ನೂ ಪ್ಲೇಆಫ್‌ಗಾಗಿ ಹೋರಾಡುತ್ತಿರುವ ತಂಡಗಳಿಗೆ ದೊಡ್ಡ ಅಂಕಿ ಕೊಟ್ಟು, ವಿಶ್ರಾಂತಿಯ ಪಂದ್ಯಗಳಿಗೆ 1, 2, 3 ಹಾಕುತ್ತೇನೆ.