ಹಳೇ ಗೇಮಿಂಗ್ ಫೋನೋ, ಹೊಸ ಫ್ಲ್ಯಾಗ್‌ಶಿಪ್ಪೋ? ಅರ್ಧ ಗಂಟೆ ಆಡಿ, ಬಿಸಿಯಾದ ಮೇಲೆ ಹೋಲಿಸಿ

ದಾವಣಗೆರೆಯಲ್ಲಿ ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟು 14 ವರ್ಷ ಆಯಿತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಎರಡು ಫೋನ್ ತಂದು ಕೌಂಟರ್ ಮೇಲಿಟ್ಟ. ಒಂದು ಏಸಸ್ ಆರ್‌ಒಜಿ ಫೋನ್ 5, ಹಾಸ್ಟೆಲ್‌ನ ಸೀನಿಯರ್ ಮಾರಲು ಇಟ್ಟದ್ದು. ಇನ್ನೊಂದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24, ಫ್ಲ್ಯಾಗ್‌ಶಿಪ್ ಅಂದರೆ ಕಂಪನಿಯ ಮೇಲ್ದರ್ಜೆಯ ಫೋನ್, ಅವನ ಅಕ್ಕನದು. ಅಕ್ಕ ಬೇರೆ ಫೋನ್ ತಗೊಂಡಿದ್ದರಿಂದ ತಮ್ಮನಿಗೆ ಕಡಿಮೆ ದುಡ್ಡಿಗೆ ಬಿಟ್ಟುಕೊಡಲು ಒಪ್ಪಿದ್ದಳು.

"ಅಣ್ಣ, ದಿನಾ ರಾತ್ರಿ ಬಿಜಿಎಂಐ ಆಡ್ತೀನಿ. ಆರ್‌ಒಜಿ ಅಂದ್ರೆ ಗೇಮಿಗಂತಲೇ ಮಾಡಿರೋದು. ಹಳೇದಾದ್ರೂ ಅದೇ ಚೆನ್ನಾಗಿರುತ್ತೆ ಅಲ್ವಾ?"

ಬಿಜಿಎಂಐ ಅಂದರೆ ಗುಂಡು ಹಾರಿಸಿ ಆಡುವ ಮೊಬೈಲ್ ಗೇಮ್. ಬಾಯಿಮಾತಲ್ಲಿ ಉತ್ತರ ಹೇಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಹುಡುಗರು ಫೋನಿಗೆ ಹಾಕುವ ದುಡ್ಡು ಅಪ್ಪ ಅಮ್ಮನ ದುಡಿಮೆ. ಅವತ್ತು ಇಬ್ಬರೂ ಸಂಜೆವರೆಗೆ ಕೂತು ಎರಡೂ ಫೋನನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಮಾಡಿದ ಕ್ರಮವನ್ನೇ ಬರೆಯುತ್ತಿದ್ದೇನೆ. ನಿಮ್ಮ ಕೈಯಲ್ಲಿರುವ ಮಾಡೆಲ್ ಬೇರೆಯಾದರೂ ಕ್ರಮ ಇದೇ ಸಾಕು.

ಡಬ್ಬಿ ಮೇಲಿನ ಲೆಕ್ಕ

ಆರ್‌ಒಜಿ ಫೋನ್ 5 ಬಂದದ್ದು 2021ರ ಮಾರ್ಚ್‌ನಲ್ಲಿ. ಸ್ನ್ಯಾಪ್‌ಡ್ರ್ಯಾಗನ್ 888 ಚಿಪ್, 6.78 ಇಂಚಿನ 144 ಹರ್ಟ್ಸ್ ಅಮೋಲೆಡ್ ಪರದೆ, 6000 ಎಂಎಎಚ್ ಬ್ಯಾಟರಿ, 238 ಗ್ರಾಂ ತೂಕ. ನಮ್ಮಲ್ಲಿ ಆಗ ಅದರ ಬೆಲೆ 49,999 ರೂಪಾಯಿಯಿಂದ ಶುರು. ಎಸ್24 ಬಂದದ್ದು 2024ರ ಜನವರಿಯಲ್ಲಿ. 6.2 ಇಂಚು, 120 ಹರ್ಟ್ಸ್, 4000 ಎಂಎಎಚ್, 167 ಗ್ರಾಂ. ಭಾರತಕ್ಕೆ ಆಗ ಬಂದ ಎಸ್24ರಲ್ಲಿ ಇದ್ದದ್ದು ಎಕ್ಸಿನೋಸ್ 2400 ಚಿಪ್. ಅಮೆರಿಕದಲ್ಲಿ ಮಾರಿದ್ದರಲ್ಲಿ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 3. ಹೊರದೇಶದವರ ವಿಡಿಯೋ ನೋಡಿ ತೀರ್ಮಾನ ಮಾಡುವವರು ಇದೊಂದನ್ನು ಮರೆಯಬಾರದು. ಹೆಸರು ಒಂದೇ, ಒಳಗಿನ ಚಿಪ್ ಬೇರೆ.

ಈ ಅಂಕಿ ಓದುತ್ತಲೇ ಹುಡುಗನ ಮುಖ ಅರಳಿತು. 144 ದೊಡ್ಡದು, 6000 ದೊಡ್ಡದು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. 144 ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲದು ಅಂತ ಮಾತ್ರ. ಗೇಮ್ ಅಷ್ಟು ಚಿತ್ರ ಕೊಡುತ್ತದೋ ಇಲ್ಲವೋ ಅನ್ನುವುದು ಬೇರೆ ಮಾತು. ಯಾವ ಮಾಡೆಲ್‌ಗೆ ಎಷ್ಟು ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ, ಬಿಡಬೇಕು ಅಂತ ನಿರ್ಧರಿಸುವವರು ಗೇಮ್ ಮಾಡಿದವರು. ಹಾಗಾಗಿ ಮೊದಲ ಕೆಲಸ: ಎರಡೂ ಫೋನಿನಲ್ಲಿ ಗೇಮ್ ಅಪ್‌ಡೇಟ್ ಮಾಡಿ, ಗ್ರಾಫಿಕ್ಸ್ ಸೆಟ್ಟಿಂಗ್ ತೆರೆದು, 'ಸ್ಮೂತ್' ಇಟ್ಟು, ಫ್ರೇಮ್ ರೇಟ್ ಸಾಲಿನ ಕೊನೆಯಲ್ಲಿ ಏನು ಕಾಣುತ್ತದೆ ನೋಡಿ. 'ಎಕ್ಸ್‌ಟ್ರೀಮ್' ಅಂದರೆ 60. ಅದಕ್ಕೂ ಮುಂದೆ 90 ಅಥವಾ 120 ಇದೆಯೋ ಇಲ್ಲವೋ? ನೀವು ಆಡುವುದು ಒಂದೇ ಗೇಮ್ ಆದರೆ, ಡಬ್ಬಿ ಮೇಲಿನ ಹರ್ಟ್ಸ್‌ಗಿಂತ ಈ ಸಾಲೇ ಮುಖ್ಯ.

ಬಿಸಿ ಮಾಡಿ ನೋಡುವುದು

ಎಲ್ಲ ಫೋನೂ ಮೊದಲ ಐದು ನಿಮಿಷ ಚೆನ್ನಾಗಿಯೇ ಓಡುತ್ತವೆ. ಅಂಗಡಿಯ ಏಸಿಯಲ್ಲಿ ಇನ್ನೂ ಚೆನ್ನಾಗಿ ಓಡುತ್ತವೆ. ನಮ್ಮೂರ ಏಪ್ರಿಲ್‌ನಲ್ಲಿ, ಫ್ಯಾನ್ ಆಫ್ ಆಗಿರುವ ಕೋಣೆಯಲ್ಲಿ, ಮೂವತ್ತನೇ ನಿಮಿಷಕ್ಕೆ ಅದು ಹೇಗಿರುತ್ತದೆ? ಹೋಲಿಸಬೇಕಾದದ್ದು ಅದನ್ನು.

ಹೀಗೆ ಮಾಡಿ. ಎರಡೂ ಫೋನಿನ ಬ್ಯಾಕ್ ಕವರ್ ತೆಗೆಯಿರಿ. ಎರಡನ್ನೂ 80 ಪರ್ಸೆಂಟ್‌ಗೆ ತನ್ನಿ. ಆಟೋ ಬ್ರೈಟ್‌ನೆಸ್ ಆಫ್ ಮಾಡಿ, ಪರದೆಗಳನ್ನು ಪಕ್ಕಪಕ್ಕ ಇಟ್ಟು, ಬೆಳಕು ಕಣ್ಣಿಗೆ ಸಮ ಕಾಣುವ ಹಾಗೆ ಹೊಂದಿಸಿ. ಎರಡಕ್ಕೂ ಒಂದೇ ವೈಫೈ. ಆರ್‌ಒಜಿಯಲ್ಲಿ ಎಕ್ಸ್ ಮೋಡ್ (ಪೂರ್ತಿ ಬಲದಲ್ಲಿ ಓಡಿಸುವ ಸೆಟ್ಟಿಂಗ್) ಹಾಕಿದರೆ ಸ್ಯಾಮ್‌ಸಂಗ್‌ನ ಗೇಮ್ ಬೂಸ್ಟರ್‌ನಲ್ಲೂ ಪರ್ಫಾರ್ಮೆನ್ಸ್ ಆರಿಸಿ. ಒಂದನ್ನು ಓಡಿಸಿ ಇನ್ನೊಂದನ್ನು ನಡೆಸಿದರೆ ಹೋಲಿಕೆ ಆಗುವುದಿಲ್ಲ.

ಮೊದಲು ಫೋನಿನ ಗ್ರಾಫಿಕ್ಸ್ ಬಲ ಅಳೆಯುವ 3ಡಿಮಾರ್ಕ್ ಆ್ಯಪ್‌ನ 'ವೈಲ್ಡ್ ಲೈಫ್ ಎಕ್ಸ್‌ಟ್ರೀಮ್ ಸ್ಟ್ರೆಸ್ ಟೆಸ್ಟ್' ಹಚ್ಚಿ. ಒಂದೇ ದೃಶ್ಯವನ್ನು ಅದು 20 ಸಲ ಓಡಿಸುತ್ತದೆ, ಸುಮಾರು 20 ನಿಮಿಷ. ಕೊನೆಗೆ ಎಲ್ಲಕ್ಕಿಂತ ಹೆಚ್ಚಿನ ಅಂಕ, ಎಲ್ಲಕ್ಕಿಂತ ಕಡಿಮೆ ಅಂಕ, ಸ್ಟೆಬಿಲಿಟಿ ಅಂತ ಒಂದು ಪರ್ಸೆಂಟ್ ತೋರಿಸುತ್ತದೆ. ಜನ ಸ್ಟೆಬಿಲಿಟಿ ಪರ್ಸೆಂಟ್ ನೋಡಿ ಮೋಸ ಹೋಗುತ್ತಾರೆ. ಉದಾಹರಣೆಗೆ ಒಂದು ಫೋನ್ 1000ದಿಂದ 900ಕ್ಕೆ ಇಳಿಯಿತು ಅನ್ನಿ, ಸ್ಟೆಬಿಲಿಟಿ 90. ಇನ್ನೊಂದು 2000ದಿಂದ 1200ಕ್ಕೆ ಇಳಿಯಿತು, ಸ್ಟೆಬಿಲಿಟಿ 60. ಬಿಸಿಯಾದ ಮೇಲೂ ಎರಡನೆಯದೇ ಮುಂದಿದೆ. ಆದ್ದರಿಂದ ನಾನು ನೋಡುವುದು ಕಡಿಮೆ ಅಂಕವನ್ನೇ.

ಆಮೇಲೆ ಫೋನ್ ತಣ್ಣಗಾಗಲು ಬಿಟ್ಟು, ಗೇಮ್ ಹಾಕಿ ಅರ್ಧ ಗಂಟೆ ಆಡಿ. ಆರ್‌ಒಜಿಯಲ್ಲಿ ಗೇಮ್ ಜಿನೀ ಅನ್ನುವ ಪಟ್ಟಿಯಿಂದ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ), ಚಿಪ್ಪಿನ ಬಿಸಿ ಎರಡನ್ನೂ ಪರದೆ ಮೇಲೇ ಕಾಣಿಸಬಹುದು. ಸಂಖ್ಯೆ ಸ್ಥಿರವಾಗಿದೆಯಾ ನೋಡಿ. 60 ಎಫ್‌ಪಿಎಸ್‌ನಲ್ಲಿ ಒಂದೊಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್, 90ರಲ್ಲಿ 11.1. 90ಕ್ಕೂ 60ಕ್ಕೂ ನಡುವೆ ಜೀಕುವ ಫೋನಿಗಿಂತ 60ರಲ್ಲೇ ಗಟ್ಟಿಯಾಗಿ ನಿಂತ ಫೋನ್ ಕೈಗೆ ಹಿತ. ಎದುರಾಳಿ ಕಿಟಕಿಯಲ್ಲಿ ಕಾಣಿಸಿಕೊಂಡ ಕ್ಷಣಕ್ಕೇ ಫ್ರೇಮ್ ಬಿದ್ದರೆ ಸರಾಸರಿ ತಗೊಂಡು ಏನು ಮಾಡೋಣ?

ಬಿಸಿ ಎಷ್ಟು ಅನ್ನುವುದರ ಜೊತೆ ಎಲ್ಲಿ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಆರ್‌ಒಜಿ ಫೋನ್ 5ನ್ನು ಬಿಚ್ಚಿದವರಿಗೆ ಗೊತ್ತು: ಬೋರ್ಡ್ ನಟ್ಟನಡುವೆ, ಬ್ಯಾಟರಿ ಎರಡು ತುಂಡಾಗಿ ಆಚೆ ಈಚೆ, ತಲಾ 3000 ಎಂಎಎಚ್. ಫೋನ್ ಅಡ್ಡ ಹಿಡಿದಾಗ ಬೆರಳುಗಳು ಎರಡು ತುದಿಯಲ್ಲಿ, ಬಿಸಿ ಮಧ್ಯದಲ್ಲಿ. ಸ್ನ್ಯಾಪ್‌ಡ್ರ್ಯಾಗನ್ 888 ಬಿಸಿಗೆ ಹೆಸರಾದ ಚಿಪ್ಪೇ, ಆದರೆ ಆ ಬಿಸಿಯನ್ನು ಎಲ್ಲಿ ಇಡಬೇಕು ಅಂತ ಯೋಚಿಸಿ ಮಾಡಿದ ಫೋನ್ ಇದು. ಸಾಮಾನ್ಯ ಫ್ಲ್ಯಾಗ್‌ಶಿಪ್‌ಗಳಲ್ಲಿ ಬೋರ್ಡ್ ಮೇಲ್ಗಡೆ, ಕ್ಯಾಮೆರಾದ ಪಕ್ಕ. ಅಡ್ಡ ಹಿಡಿದರೆ ಆ ಜಾಗ ಸರಿಯಾಗಿ ಒಂದು ಅಂಗೈ ಕೆಳಗೆ ಬರುತ್ತದೆ. ಹುಡುಗ ಎಸ್24 ಹಿಡಿದು ಇಪ್ಪತ್ತು ನಿಮಿಷ ಆಡಿ, ಎಡಗೈ ಬಿಡಿಸಿಕೊಂಡು ಪ್ಯಾಂಟಿಗೆ ಬೆವರು ಒರೆಸಿಕೊಂಡ. ಆರ್‌ಒಜಿಯಲ್ಲಿ ಅವನ ಬೆರಳು ಒಣಗಿಯೇ ಇದ್ದವು. ಯಾವ ಸ್ಪೆಸಿಫಿಕೇಶನ್ ಪಟ್ಟಿಯಲ್ಲೂ ಇದನ್ನು ಬರೆದಿರುವುದಿಲ್ಲ.

ಬಿಸಿ ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದು ಬೇಡ, ಅದು ಮೈ ಬಿಸಿ ನೋಡಲು ಮಾಡಿದ್ದು. ಗಾಜಿನ ಬೆನ್ನಿಗೆ ನೇರ ಹಿಡಿಯಬಹುದು. ಹೊಳೆಯುವ ಲೋಹದ ಫ್ರೇಮ್ ತಪ್ಪು ಅಳತೆ ತೋರಿಸುತ್ತದೆ, ಅಲ್ಲಿ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಬ್ಯಾಟರಿ: ಪರ್ಸೆಂಟ್ ನಂಬಬೇಡಿ

ಅರ್ಧ ಗಂಟೆ ಆಟಕ್ಕೆ ಒಂದು ಫೋನ್ 10 ಪರ್ಸೆಂಟ್, ಇನ್ನೊಂದು 12 ಪರ್ಸೆಂಟ್ ಇಳಿಯಿತು ಅಂದುಕೊಳ್ಳಿ. 6000ದಲ್ಲಿ 10 ಪರ್ಸೆಂಟ್ ಅಂದರೆ 600 ಎಂಎಎಚ್. 4000ದಲ್ಲಿ 12 ಅಂದರೆ 480. ಎರಡನೆಯದೇ ಕಡಿಮೆ ತಿಂದಿದೆ, ಆದರೂ ಮೊದಲನೆಯದೇ ಹೆಚ್ಚು ಹೊತ್ತು ಬಾಳುತ್ತದೆ.

ಇದು ಹೊಸ ಬ್ಯಾಟರಿಯ ಲೆಕ್ಕ. ವರ್ಷಗಟ್ಟಲೆ ರಾತ್ರಿ ಚಾರ್ಜಿಗೆ ಹಾಕಿಕೊಂಡೇ ಆಡಿದ ಫೋನಿನಲ್ಲಿ 6000 ಎಲ್ಲಿ ಉಳಿದಿರುತ್ತದೆ? ಐದರಲ್ಲಿ ಒಂದು ಪಾಲು ಸವೆದಿದ್ದರೂ 4800 ಇರುತ್ತದೆ, ಅದು ಎಸ್24ರ ಹೊಸ ಬ್ಯಾಟರಿಗಿಂತ ಜಾಸ್ತಿಯೇ. ಹಾಗಾಗಿ ಸವೆತ ಒಂದನ್ನೇ ನೋಡಿ ಹಳೇ ಫೋನ್ ಬೇಡ ಅನ್ನಬೇಡಿ. ಬೇಡ ಅನ್ನಬೇಕಾದದ್ದು ಎರಡು ಲಕ್ಷಣ ಕಂಡಾಗ. ಒಂದು, ಪರ್ಸೆಂಟ್ ಮೆಟ್ಟಿಲು ಹಾರುವುದು, 46 ಇದ್ದದ್ದು ನೋಡನೋಡುತ್ತ 38 ಆಗುವುದು. ಇನ್ನೊಂದು, ಉಬ್ಬುವುದು.

ಉಬ್ಬಿದ್ದನ್ನು ಪತ್ತೆ ಮಾಡಲು ನಾನು ಗಾಜಿನ ಕೌಂಟರ್ ಮೇಲೆ ಫೋನನ್ನು ಪರದೆ ಕೆಳಗಾಗಿ ಮಲಗಿಸಿ, ನಾಲ್ಕೂ ಮೂಲೆಯನ್ನು ಬೆರಳಿಂದ ಒತ್ತಿ ನೋಡುತ್ತೇನೆ. ನೆಟ್ಟಗಿದ್ದರೆ ಅಲುಗದೆ ಕೂರುತ್ತದೆ. ಉಬ್ಬಿದ್ದರೆ ತೊಟ್ಟಿಲ ಹಾಗೆ ತೂಗುತ್ತದೆ. ಆಮೇಲೆ ಬ್ಯಾಕ್ ಪ್ಯಾನೆಲ್‌ನ ಅಂಚಿನ ಸುತ್ತ ಉಗುರು ಓಡಿಸಿ, ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಗಮ್ ಬಿಟ್ಟಿದೆ ಅಂತ. ಒಮ್ಮೆ ಒಬ್ಬರು ಉಬ್ಬಿದ ಫೋನನ್ನು ಹಾಗೇ ಜೇಬಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿ ಕೊನೆಗೆ ನನ್ನ ಹತ್ತಿರ ತಂದರು. ಬೆನ್ನು ಬಿಚ್ಚಿದಾಗ ಬ್ಯಾಟರಿ ತಲೆದಿಂಬಿನ ಹಾಗೆ ಎದ್ದಿತ್ತು. ಅದನ್ನು ಹೊರಗೆ ತೆಗೆಯುವವರೆಗೆ ನನ್ನ ಕೈ ನಡುಗುತ್ತಿತ್ತು. ಉಬ್ಬಿದ ಫೋನನ್ನು ಅರ್ಧ ಬೆಲೆಗೆ ಕೊಟ್ಟರೂ ತಗೊಳ್ಳಬೇಡಿ.

ಎರಡು ಫೋನಿಗೂ ಒಂದು ಒಳ್ಳೆಯ ಸೌಲಭ್ಯ ಇದೆ. ಆಡುವಾಗ ಚಾರ್ಜರ್‌ನ ಕರೆಂಟ್ ಬ್ಯಾಟರಿಗೆ ಹೋಗದೆ ನೇರ ಫೋನಿಗೆ ಹೋಗುವಂತೆ ಮಾಡಬಹುದು. ಆರ್‌ಒಜಿಯಲ್ಲಿ ಅದರ ಹೆಸರು ಬೈಪಾಸ್ ಚಾರ್ಜಿಂಗ್. ಸ್ಯಾಮ್‌ಸಂಗ್‌ನಲ್ಲಿ ಗೇಮ್ ಬೂಸ್ಟರ್ ಒಳಗೆ 'ಪಾಜ್ ಯುಎಸ್‌ಬಿ ಪವರ್ ಡೆಲಿವರಿ' (Pause USB Power Delivery) ಅಂತ ಇರುತ್ತದೆ. ಪಿಡಿ ಚಾರ್ಜರ್ ಬೇಕು, ಬ್ಯಾಟರಿ 20 ಪರ್ಸೆಂಟ್‌ಗಿಂತ ಮೇಲಿರಬೇಕು. ಯಾವುದನ್ನೇ ಕೊಂಡರೂ ಇದನ್ನು ಹಾಕಿಕೊಂಡು ಆಡಿ, ಬ್ಯಾಟರಿ ಎಷ್ಟೋ ದಿನ ಹೆಚ್ಚು ಬರುತ್ತದೆ.

ಹಳೇದೇ ಗೆಲ್ಲುವ ಜಾಗ

ಆರ್‌ಒಜಿಯ ಬಲ ಅಂಚಿನಲ್ಲಿ ಏರ್‌ಟ್ರಿಗರ್ ಇವೆ. ಅಡ್ಡ ಹಿಡಿದಾಗ ತೋರುಬೆರಳು ಕೂರುವ ಎರಡು ಜಾಗ, ಮುಟ್ಟಿದರೆ ಗುಂಡು ಹಾರುತ್ತದೆ. ಹೆಬ್ಬೆರಳು ಓಡುವುದಕ್ಕೆ, ಗುರಿ ತಿರುಗಿಸುವುದಕ್ಕೆ ಖಾಲಿ ಉಳಿಯುತ್ತದೆ. ಎಸ್24ರಲ್ಲಿ ಇದಕ್ಕೆ ಬದಲಿ ಏನೂ ಇಲ್ಲ. ಹಳೇ ಫೋನ್ ನೋಡುವಾಗ ಎರಡೂ ಟ್ರಿಗರನ್ನು ಐವತ್ತೈವತ್ತು ಸಲ ಒತ್ತಿ, ಒಂದೂ ತಪ್ಪಬಾರದು.

ಚಾರ್ಜಿಂಗ್‌ಗೆ ಕೆಳಗೊಂದು, ಪಕ್ಕದಲ್ಲೊಂದು ಪೋರ್ಟ್ ಇದೆ. ಪಕ್ಕದ್ದಕ್ಕೆ ಹಾಕಿದರೆ ವೈರ್ ಅಂಗೈಗೆ ಅಡ್ಡ ಬರುವುದಿಲ್ಲ. ಅದರ ಪುಟ್ಟ ರಬ್ಬರ್ ಮುಚ್ಚಳ ಬೇಗ ಕಳೆದುಹೋಗುತ್ತದೆ, ಇಲ್ಲದಿದ್ದರೆ ಟಾರ್ಚ್ ಬಿಟ್ಟು ಒಳಗೆ ಧೂಳು, ಹಸಿರು ಪಾಚಿ ಬಣ್ಣದ ತುಕ್ಕು ಇದೆಯಾ ನೋಡಿ. ಮುಂದಕ್ಕೆ ಮುಖ ಮಾಡಿದ ಎರಡು ಸ್ಪೀಕರ್, 3.5 ಎಂಎಂ ಜ್ಯಾಕ್ ಕೂಡ ಉಂಟು. ಬ್ಲೂಟೂತ್‌ನಲ್ಲಿ ಹೆಜ್ಜೆ ಸಪ್ಪಳ ಚೂರು ತಡವಾಗಿ ಕೇಳುತ್ತದೆ, ವೈರಿನಲ್ಲಿ ಹಾಗಾಗುವುದಿಲ್ಲ. ಪಂದ್ಯ ಆಡುವವರಿಗೆ ಇದು ದೊಡ್ಡ ವಿಷಯ.

ಗೇಮ್ ಮುಗಿದ ಮೇಲಿನ 20 ಗಂಟೆ

ಇಲ್ಲಿ ಹೊಸ ಫೋನ್ ಮುಂದೆ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ನೋಟ್ಸ್‌ನ ಒಂದೇ ಪುಟವನ್ನು ಎರಡರಲ್ಲೂ ಫೋಟೋ ತೆಗೆದು ಹಿಗ್ಗಿಸಿ ನೋಡಿ. ಎಸ್24ರ ಕ್ಯಾಮೆರಾಗೆ ಕೈ ನಡುಕ ತಡೆಯುವ ಓಐಎಸ್ ಇದೆ, ಕೊನೆ ಬೆಂಚಿನಿಂದ ಬೋರ್ಡ್ ಹಿಡಿಯಲು 3 ಪಟ್ಟು ಜೂಮ್ ಲೆನ್ಸ್ ಇದೆ. ಆರ್‌ಒಜಿ ಫೋನ್ 5ರಲ್ಲಿ ಎರಡೂ ಇಲ್ಲ. ಎಸ್24ಗೆ ಐಪಿ68 ಉಂಟು. ಆದರೆ ಒಮ್ಮೆ ಬಿಚ್ಚಿ ರಿಪೇರಿ ಮಾಡಿದ ಫೋನಾದರೆ ಆ ನೀರಿನ ರಕ್ಷಣೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

5ಜಿಯನ್ನು ಸಿಮ್ ಹಾಕಿಯೇ ನೋಡಿ. ನಮ್ಮಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು, ಆರ್‌ಒಜಿ ಫೋನ್ 5 ಬಂದದ್ದು ಅದಕ್ಕೂ ಒಂದೂವರೆ ವರ್ಷ ಮುಂಚೆ. ನಿಮ್ಮ ಸಿಮ್‌ಗೆ ಗುರುತು ಬರಬೇಕು, ಒಂದು ಕರೆ ಮಾಡಿ ಮಾತು ಸ್ವಚ್ಛ ಕೇಳಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಾರವಾದದ್ದು ಅಪ್‌ಡೇಟ್. ಆರ್‌ಒಜಿ ಫೋನ್ 5 ಆಂಡ್ರಾಯ್ಡ್ 11ರಲ್ಲಿ ಬಂದು 13ಕ್ಕೆ ನಿಂತಿತು. ಎಸ್24 ಆಂಡ್ರಾಯ್ಡ್ 14ರಲ್ಲಿ ಬಂತು, ಸ್ಯಾಮ್‌ಸಂಗ್ ಅದಕ್ಕೆ 7 ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುವುದಾಗಿ ಹೇಳಿದೆ, ಅಂದರೆ 2031ರವರೆಗೆ. ಸೆಟ್ಟಿಂಗ್ಸ್‌ನಲ್ಲಿ 'ಸೆಕ್ಯುರಿಟಿ ಪ್ಯಾಚ್' ಎದುರಿಗಿರುವ ತಾರೀಕು ಓದಿ. ಯುಪಿಐ, ಬ್ಯಾಂಕ್ ಆ್ಯಪ್, ಸ್ಕಾಲರ್‌ಶಿಪ್ ಓಟಿಪಿ ಎಲ್ಲ ಇದೇ ಫೋನಿನಲ್ಲಿ ಆದರೆ, ವರ್ಷಗಟ್ಟಲೆ ಹಿಂದಿನ ಪ್ಯಾಚ್ ಇರುವ ಫೋನನ್ನು ನಾನು ನನ್ನ ತಮ್ಮನ ಕೈಗೆ ಕೊಡುವುದಿಲ್ಲ.

ಇನ್ನು ಪಾರ್ಟ್ಸ್. ಕೊಳ್ಳುವ ಮೊದಲು ನಿಮ್ಮೂರಿನ ರಿಪೇರಿಯವರನ್ನು ಡಿಸ್‌ಪ್ಲೇ ಕಾಂಬೋ (ಪರದೆ, ಟಚ್ ಸೇರಿದ ಬಿಡಿಭಾಗ) ಎಷ್ಟು, ಎಷ್ಟು ದಿನಕ್ಕೆ ಸಿಗುತ್ತದೆ ಅಂತ ಕೇಳಿ. ಹಳೇ ಗೇಮಿಂಗ್ ಫೋನಿನದು ನಾನು ಸ್ಟಾಕ್ ಇಡುವುದಿಲ್ಲ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸಿ ತರಿಸಬೇಕು.

ಎಲ್ಲ ಮುಗಿದ ಮೇಲೆ ಹುಡುಗನಿಗೆ ಕೇಳಿದೆ: "ತಮ್ಮಾ, ನಿನ್ನ ಹತ್ರ ಇನ್ನೊಂದು ಫೋನ್ ಐತಾ?" ಇಲ್ಲ ಅಂದ. "ಹಂಗಾದ್ರೆ ಅಕ್ಕನ ಫೋನ್ ತಗೋ. ಇನ್ನೊಂದು ಇದ್ದಿದ್ರೆ, ಆಡೋಕೆ ಅಂತಲೇ ಆರ್‌ಒಜಿ ತಗೋ ಅಂತಿದ್ದೆ." ಏರ್‌ಟ್ರಿಗರ್ ಬಿಟ್ಟುಕೊಡಲು ಅವನಿಗೆ ಸಂಕಟ ಆದದ್ದು ಕಂಡಿತು. ಎರಡು ಮೂರು ಸಲ ಆರ್‌ಒಜಿಯನ್ನು ಎತ್ತಿ ಇಟ್ಟ.

ಅಕ್ಕನದೇ ಫೋನಾದರೂ ಕೊನೆಯ ಹೆಜ್ಜೆ ಬಿಡಲಿಲ್ಲ. *#06# ಒತ್ತಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ತೆಗೆದು, ಕೆವೈಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಕ್ಕೆ ಎಸ್ಎಂಎಸ್ ಕಳಿಸಿದೆವು. ಕಳವಿನ ಫೋನಾಗಿ ಬ್ಲಾಕ್ ಆಗಿದ್ದರೆ ಅಲ್ಲೇ ತಿಳಿಯುತ್ತದೆ. ಬಿಲ್ಲಿನ ಐಎಂಇಐ ಜೊತೆ ತಾಳೆ ನೋಡಿದೆವು. ರೀಸೆಟ್ ಮಾಡುವ ಮೊದಲು ಹಳೇ ಮಾಲೀಕರ ಗೂಗಲ್ ಖಾತೆ, ಸ್ಯಾಮ್‌ಸಂಗ್ ಖಾತೆ ಎರಡನ್ನೂ ಅವರ ಕೈಯಲ್ಲೇ ತೆಗೆಸಬೇಕು, ಇಲ್ಲದಿದ್ದರೆ ಫೋನ್ ಆನ್ ಆಗುತ್ತಲೇ ಅವರ ಪಾಸ್‌ವರ್ಡ್ ಕೇಳಿ ಕೂರುತ್ತದೆ. ಅಕ್ಕ ಕೆಲಸ ಮುಗಿಸಿಕೊಂಡು ಆರು ಗಂಟೆಗೆ ಅಂಗಡಿಗೆ ಬಂದಳು. ಖಾತೆ ತೆಗೆದಳು, ರೀಸೆಟ್ ಒತ್ತಿದಳು, ಫೋನ್ ತಮ್ಮನ ಕೈಗಿಟ್ಟಳು. ಅವನು ಮೊದಲು ಇಳಿಸಿಕೊಂಡದ್ದು ಬಿಜಿಎಂಐ.